ಸಾವಕ್ಕನಿಗೆ ಎರಡು ಸೂಜಿ

ಸರ್ಪಸುತ್ತು ಎದ್ದವರನ್ನು ನೋಡಲು ಬರುವ ಜನ ಹೊಸ್ತಿಲು ದಾಟುವ ಮೊದಲೇ ಕೇಳುವ ಮಾತು ಒಂದೇ: ತಲೆ ಬಾಲ ಕೂಡಿತೇನು? ಗುಳ್ಳೆಗಳ ಸುತ್ತು ಪೂರ್ತಿಯಾಗಿ ತಲೆ ಬಾಲ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತು ಎಂದೆನಲ್ಲ, ಆ ಶಬ್ದ ಬರೆಯುವಾಗಲೇ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷವಾಯಿತು, ನನ್ನ ಎಡಗಡೆಯ ಪಕ್ಕೆ ಇನ್ನೂ ಉರಿಯುತ್ತದೆ. ಹಾಗೆ ಉರಿಯುತ್ತಿರುವ ಇನ್ನೊಬ್ಬಾಕೆ ಎಲ್ಲಿಯಾದರೂ ಕೂತು ಇದನ್ನು ಓದಿದರೆ, ತಾನೊಬ್ಬಳೇ ಅಲ್ಲ ಎಂದು ಆಕೆಗೆ ತಿಳಿಯಲಿ. ಉಳಿದವರು ಓದಿ ತಮ್ಮ ಮನೆಯ ಹಿರಿಯರನ್ನು ದವಾಖಾನೆಗೆ ಕರೆದುಕೊಂಡು ಹೋಗಲಿ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮು, ಹಿಂದಿನ ಕೋಣೆಯಲ್ಲಿ ಮಾವನ ಕಾಲದ ಒಂದು ಕೈಮಗ್ಗ. ಮಗ್ಗದ ಕಾರಭಾರವೆಲ್ಲ ನನ್ನ ಗಂಡನ ಅಣ್ಣ ಮತ್ತು ಅವರ ಹೆಂಡತಿ ಸಾವಕ್ಕನದು. ನಾನು ಮಾತ್ರ ಮನೆಯಿಂದ ಹೊರಗೆ ಹೋಗಿ ಪಗಾರ ತರುವವಳು. ಜಮಖಂಡಿಯಲ್ಲಿ ಒಂದು ಮುಳುಗಡೆ ಕಚೇರಿ, ಅಲ್ಲಿ ಟೈಪಿಸ್ಟ್. ಅಣೆಕಟ್ಟಿನ ಹಿನ್ನೀರಿಗೆ ಹೋದ ಮನೆ, ಹೊಲ, ಬಾವಿ, ಗಿಡಗಳ ಪಟ್ಟಿಯನ್ನು ದಿನವೆಲ್ಲ ಟೈಪ್ ಮಾಡುವುದು. ಬೆಳಗಿನ ರೊಟ್ಟಿ ಬಡಿದು ಡಬ್ಬಿ ಕಟ್ಟಿ ನನ್ನನ್ನು ಬಸ್ಸಿಗೆ ಅಟ್ಟುತ್ತಿದ್ದವಳು ಸಾವಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು. ಆಕೆ ಇಲ್ಲದಿದ್ದರೆ ನನ್ನ ನೌಕರಿ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆಕೆಯ ಮೇಲೆ ಬಹಳ ಸಿಟ್ಟು ಮಾಡುವುದಿದೆ.

ಆಗ ನನಗೆ ಐವತ್ತರ ಹತ್ತಿರ. ಒಂದು ಸೋಮವಾರ ಪಕ್ಕೆಯಲ್ಲಿ ಚುಳುಚುಳು ಎನ್ನತೊಡಗಿತು. ಲಂಗದ ಲಾಡಿ ಬಿಗಿಯಾಗಿದೆ ಎಂದುಕೊಂಡೆ. ಬಸ್ಸಿನಲ್ಲಿ ಸಡಿಲ ಮಾಡಿಕೊಂಡೆ, ಹೋಗಲಿಲ್ಲ. ಕಚೇರಿಯಲ್ಲಿ ಯಾರೋ ಕೊಟ್ಟ ಬಾಮು ತಿಕ್ಕಿದೆ, ಬೆಂಕಿ ಹಚ್ಚಿದ ಹಾಗಾಯಿತು. ಮರುದಿನ ಬಚ್ಚಲಿನಲ್ಲಿದ್ದಾಗ ಟವೆಲ್ ಕೊಡಲು ಬಂದ ಸಾವಕ್ಕ ನನ್ನ ಪಕ್ಕೆ ನೋಡಿ ಅಲ್ಲೇ ಗೋಡೆ ಹಿಡಿದು ನಿಂತಳು. ಹೊಕ್ಕುಳ ಕಡೆಯಿಂದ ಬೆನ್ನಿನ ಕಡೆಗೆ ಸಾಲಾಗಿ ಕೆಂಪು ಗುಳ್ಳೆ ಎದ್ದಿದ್ದವು.

"ಸುಮಿತ್ರಾ, ಹುಳ ಸುತ್ತಾಕತ್ತೈತಿ," ಎಂದಳು. ನಮ್ಮಲ್ಲಿ ಹಾವಿನ ಹೆಸರು ಬಾಯಲ್ಲಿ ಹೇಳುವುದಿಲ್ಲ, ಹುಳ ಎನ್ನುತ್ತಾರೆ.

"ಏನರ ಆಗಲಿ ಅಕ್ಕಾ, ಡಾಕ್ಟರಿಗೆ ತೋರಿಸ್ಕೊಂಡ ಬರ್ತೀನಿ," ಎಂದೆ.

ಬಸ್‌ಸ್ಟ್ಯಾಂಡಿನ ಹತ್ತಿರದ ದವಾಖಾನೆಗೆ ಹೋದೆ ಕೂಡ. ನನ್ನ ಗಂಡ ಶಂಕರ ಜೊತೆಗೆ ಬಂದರು. ಡಾಕ್ಟರು ಹತ್ತಿರ ಬರಲಿಲ್ಲ. ಖುರ್ಚಿಯಲ್ಲಿ ಕೂತಲ್ಲಿಂದಲೇ ಕತ್ತು ಚಾಚಿ ನೋಡಿ, "ಇದಕ್ಕ ನಮ್ಮ ಗುಳಗಿ ನಡೆಯಂಗಿಲ್ಲ ಬಾಯಾರ. ಕಾವಿ ಹಚ್ಚಿಸ್ರಿ, ಅದ ಛಲೋ," ಎಂದರು. ಹೊರಗೆ ಬಾಗಿಲ ಮೇಲೆ ಅವರ ಹೆಸರಿನ ಮುಂದೆ ಅಷ್ಟುದ್ದದ ಡಿಗ್ರಿ ಬರೆದ ಬೋರ್ಡು. ಊರಿನ ಮುದುಕರು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಕಲಿತ ಮನುಷ್ಯ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಆ ಮನುಷ್ಯನ ಮುಖ ಇವತ್ತು ಸಂತೆಯಲ್ಲಿ ಕಂಡರೂ ನಾನು ದಾರಿ ಬದಲಿಸುತ್ತೇನೆ, ಇಲ್ಲದಿದ್ದರೆ ಕೈಯಲ್ಲಿದ್ದ ಚೀಲದಿಂದ ಹೊಡೆದೇನು ಎಂಬ ಹೆದರಿಕೆ.

ಕಾವಿ ಹಚ್ಚಲು ರಬಕವಿ ಕಡೆಯಿಂದ ಒಬ್ಬ ಮುದುಕ ಬಂದ. ಆತನ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಮನುಷ್ಯ, ಒಂದು ತೆಂಗಿನಕಾಯಿ ಬಿಟ್ಟರೆ ಏನನ್ನೂ ಮುಟ್ಟಲಿಲ್ಲ. ಬಾಯಲ್ಲಿ ಏನೋ ಅಂದುಕೊಳ್ಳುತ್ತ ಗುಳ್ಳೆಗಳ ಸುತ್ತ ಕೆಂಪು ಕಾವಿಯ ಗೆರೆ ಎಳೆದ. ಉಪ್ಪು ಬೇಡ, ಎಣ್ಣೆ ಬೇಡ, ದವಾಖಾನೆ ಔಷಧವಂತೂ ಬೇಡವೇ ಬೇಡ, ಸುತ್ತು ಎಷ್ಟು ಬೆಳೆಯಿತು ಎಂದು ದಿನಾ ನೋಡುತ್ತಿರಿ ಎಂದು ಹೇಳಿ ಹೋದ.

ಬೇರೆಯವರ ಮನೆಯಾಗಿದ್ದರೆ ನೋಡಿ ಬಿಡುತ್ತಿದ್ದರು. ನಮ್ಮದು ನೇಕಾರರ ಮನೆ. ಅಳೆಯದೆ ಯಾವುದನ್ನೂ ನಂಬುವ ರೂಢಿ ನಮಗಿಲ್ಲ. ಸಾವಕ್ಕ ಮಗ್ಗದಿಂದ ಹೊಕ್ಕಿನ ನೂಲು, ಅಡ್ಡ ನೇಯುವ ಎಳೆ, ತಂದು ಗುಳ್ಳೆಗಳ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿದು ಕತ್ತರಿಸಿದಳು. ನನ್ನ ಸೊಂಟದ ಪೂರ್ತಿ ಸುತ್ತಳತೆಯ ನೂಲು ಬೇರೆ. ಎರಡನ್ನೂ ದೇವರ ಜಗುಲಿಯ ಪಕ್ಕದ ಮೊಳೆಗೆ ತೂಗುಹಾಕಿದಳು. ಮರುದಿನ ಬೆಳಿಗ್ಗೆ ಮತ್ತೆ ಅಳತೆ, ಮತ್ತೊಂದು ನೂಲು. ಮೈಗೆ ಆ ಎಳೆ ತಾಗಿದರೆ ನನ್ನ ಜೀವ ಹೋಗಿ ಬರುತ್ತಿತ್ತು.

"ನಿನ್ನಿಗಿಂತ ಎರಡ ಬೊಟ್ಟ ಹೆಚ್ಚಾಗೈತಿ. ಇನ್ನೂ ಅರ್ಧ ಸುತ್ತ ಬಾಕಿ ಐತಿ, ಹೆದರಬ್ಯಾಡ," ಎನ್ನುತ್ತಿದ್ದಳು.

"ಅಕ್ಕಾ, ತಡಕೊಳ್ಳಾಕ ಆಗವಲ್ದು."

"ಉರಿತೈತಿ ಬೇ, ಕಾವಿ ಎಳಿಯಾಕತ್ತೈತಿ ಅಂತ ಅರ್ಥ. ನೋಡ, ಬಾಲ ಅಲ್ಲೇ ನಿಂತೈತಿ."

ಮೂರನೆಯ ದಿನ, ನಾಲ್ಕನೆಯ ದಿನ ನೂಲು ಬೆಳೆಯಲಿಲ್ಲ. ಮನೆಯಲ್ಲಿ ಎಲ್ಲರ ಮುಖ ಅರಳಿತು. ಭಾವ ಪೇಢೆ ತಂದರು. ನೋಡಲು ಬಂದವರಿಗೆಲ್ಲ ಸಾವಕ್ಕ ಮೊಳೆಯ ಮೇಲಿನ ನೂಲುಗಳನ್ನು ತೋರಿಸಿ, ಅರ್ಧಕ್ಕೆ ನಿಂತಿತು ಎಂದು ಹೇಳುತ್ತಿದ್ದಳು. ಜನ ಮೊಳೆಯ ಕಡೆ ಕೈಮುಗಿದು ಚಹಾ ಕುಡಿದು ಹೋಗುತ್ತಿದ್ದರು. ನಾನು ಒಳಕೋಣೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಬಿದ್ದಿದ್ದೆ. ಶಂಕರ ಬಾಗಿಲಲ್ಲಿ ನಿಂತು ಹೋಗುತ್ತಿದ್ದರು. ದವಾಖಾನೆಗೆ ಹೋಗೋಣ ಎಂದರೆ, "ವೈನಿ ಅಳದ ನೋಡ್ಯಾಳಲ್ಲ, ಕಡಿಮಿ ಆಗಾಕತ್ತೈತಂತ," ಎನ್ನುತ್ತಿದ್ದರು. ಗಂಡ ಎಂಬ ಪ್ರಾಣಿಗೆ ಹೆಂಡತಿಯ ಮುಖ ನೋಡುವುದಕ್ಕಿಂತ ಮೊಳೆ ನೋಡುವುದು ಸುಲಭವಾಗಿತ್ತು.

ನೋವು ಶುರುವಾದ ಆರನೆಯ ದಿನ, ಶನಿವಾರ, ಕಚೇರಿಯಿಂದ ಫಾತಿಮಾ ಮೇಡಂ ಬಂದರು. ಲೆಕ್ಕದ ವಿಭಾಗದಲ್ಲಿದ್ದವರು, ನನ್ನ ರಜೆ ಅರ್ಜಿಗೆ ಸಹಿ ಬೇಕಿತ್ತು. ಒಳಗೆ ಬಂದು ನನ್ನನ್ನು ನೋಡಿದರು. ಕಾಗದವನ್ನು ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು.

"ನಮ್ಮ ಅಬ್ಬಾಗ ಹಿಂಗ ಹಣಿ ಮ್ಯಾಲ ಎದ್ದಿತ್ತು. ನಾವೂ ಹಿಂಗ ಕುಂತ್ವಿ. ಒಂದ ಕಣ್ಣ ಹೋತು. ಏಳ್ರಿ," ಎಂದರು. ಹೊರಗೆ ಬಂದು ಶಂಕರನಿಗೆ, "ಗಾಡಿ ಮಾಡ್ರಿ, ವಿಜಾಪುರಕ್ಕ. ಈಗಿಂದೀಗ," ಎಂದರು. ಅವರ ದನಿಗೆ ಶಂಕರ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಮೇಡಂ ತಾವೂ ಗಾಡಿ ಹತ್ತಿ, ಚಿಕ್ಕಪಡಸಲಗಿ ಹತ್ತಿರ ಹೊಳೆ ದಾಟುವವರೆಗೂ ನನ್ನ ಎಡಪಕ್ಕೆಗೆ ಬಟ್ಟೆ ತಾಗದಂತೆ ಸೀರೆಯ ನೆರಿಗೆಯನ್ನು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಕೂತಿದ್ದರು. ಆ ವಾರದಲ್ಲಿ ನನಗೆ ಸಿಕ್ಕ ದೊಡ್ಡ ಉಪಕಾರ ಅದು.

ಚರ್ಮದ ಡಾಕ್ಟರರ ಹೊರಕೋಣೆಯಲ್ಲಿ ಎರಡೂವರೆ ತಾಸು ಕಾದೆವು. ಬೆನ್ನು ಒರಗಿಸುವಂತಿರಲಿಲ್ಲ, ಹಾಗಾಗಿ ಬೆಂಚಿನ ತುದಿಯಲ್ಲಿ ಬಲಕ್ಕೆ ವಾಲಿ ಕೂತಿದ್ದೆ. ಎದುರು ಕೂತಿದ್ದ ಹಳ್ಳಿಯ ಹೆಣ್ಣುಮಗಳೊಬ್ಬಳು ಏನೂ ಕೇಳದೆ ಎದ್ದು ಬಂದು ನನ್ನ ಮುಂದೆ ತನ್ನ ಚೀಲ ಇಟ್ಟು, ಅದರ ಮೇಲೆ ಕೈ ಊರಿಕೋ ಎಂದಳು. ಆಕೆಯ ಹೆಸರೂ ಕೇಳಲಿಲ್ಲ ನಾನು.

ಡಾಕ್ಟರು ಮೊದಲು ಕೇಳಿದ್ದು, "ಗುಳ್ಳಿ ಎದ್ದು ಎಷ್ಟ ದಿನ ಆತ್ರಿ?"

"ಇವತ್ತಿಗೆ ಐದ ದಿನ."

ಅವರು ಪೆನ್ನು ಕೆಳಗಿಟ್ಟರು. ಮೊದಲ ಮೂರು ದಿನಗಳಲ್ಲಿ ಬಂದಿದ್ದರೆ ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಈಗಲೂ ಕೊಡುತ್ತೇನೆ, ಆದರೆ ನೋವು ಉಳಿದುಕೊಳ್ಳಬಹುದು ಎಂದರು. ಎಷ್ಟು ದಿನ ಎಂದೆ. ಹೇಳಲಾಗದು ಎಂದರು. ಶಂಕರ ಮುಂದೆ ಬಾಗಿ, "ಆದ್ರ ಸಾಹೇಬ್ರ, ತಲಿ ಬಾಲ ಕೂಡಿಲ್ರಿ, ಅರ್ಧಕ್ಕ ನಿಂತೈತಿ," ಎಂದು ಸಮಾಧಾನದಿಂದ ಹೇಳಿದರು.

"ಅದು ಯಾರಿಗೂ ಕೂಡೂದಿಲ್ರಿ," ಎಂದರು ಡಾಕ್ಟರು. "ಒಂದ ನರದ ಗುಂಟ ಏಳ್ತೈತಿ. ಮೈಯಾಗಿನ ನರ ಅರ್ಧಕ್ಕ ಮುಗಿತಾವ. ಕಾವಿ ಹಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ. ಅಲ್ಲೇ ನಿಲ್ತೈತಿ."

ನನಗೆ ಅಳು ಬರಲಿಲ್ಲ. ಕಿವಿಯವರೆಗೂ ಬಿಸಿಯಾಯಿತು. ಎಂದೂ ಆಗದ ಒಂದು ಸಂಗತಿಗೆ ಊರಿಗೆ ಊರೇ ಹೆದರಿಕೊಂಡು, ಅದು ಆಗಲಿಲ್ಲ ಎಂದು ಪೇಢೆ ಹಂಚಿತ್ತು. ಆಗಬಹುದಾದದ್ದನ್ನು ಒಬ್ಬರೂ ಹೇಳಿರಲಿಲ್ಲ. ಸಾವಕ್ಕನ ಅಳತೆಯಲ್ಲಿ ಒಂದು ಎಳೆಯ ತಪ್ಪೂ ಇರಲಿಲ್ಲ. ಆಕೆ ಅಷ್ಟು ಚೊಕ್ಕಾಗಿ ಅಳೆದಿದ್ದಕ್ಕೇ ನಾವೆಲ್ಲ ನಂಬಿ ಮೂರು ದಿನ ಕಳೆದೆವು.

ಗುಳ್ಳೆ ಒಣಗಿದವು, ನೋವು ಹೋಗಲಿಲ್ಲ. ಬಟ್ಟೆಯಿಂದಲೇ ಬದುಕುವ ಊರಿನಲ್ಲಿ ಬಟ್ಟೆ ತಾಗಿದರೆ ಉರಿಯುವ ಮೈ ನನ್ನದಾಯಿತು. ಸೀರೆ ಉಡುವುದು ಶಿಕ್ಷೆ. ಫ್ಯಾನಿನ ಗಾಳಿ ಬಂದರೆ ಶಿಕ್ಷೆ. ನೋವಿಗೆ ಕೊಟ್ಟ ಗುಳಿಗೆಯಿಂದ ತಲೆ ಮಂಜಾಗಿ ಬೀಳಗಿ ಕಡೆಯ ಒಂದು ಹಳ್ಳಿಯ ಪಟ್ಟಿಯಲ್ಲಿ ಒಬ್ಬನ ಬಾವಿಯನ್ನು ಇನ್ನೊಬ್ಬನ ಹೆಸರಿಗೆ ಟೈಪ್ ಮಾಡಿದೆ, ಸಾಹೇಬರಿಂದ ಎಲ್ಲರೆದುರು ಬೈಸಿಕೊಂಡೆ. ನೋಡಿದವರು, "ಗಾಯಾನ ಇಲ್ಲಲ್ಲ ಈಗ, ಮನಸಿಗಿ ಹಚ್ಕೊಂಡಾಳ," ಎನ್ನುತ್ತಿದ್ದರು. ಗಾಯ ಕಾಣುವ ರೋಗಕ್ಕೆ ಜನ ಮರುಗುತ್ತಾರೆ. ಕಾಣದ್ದಕ್ಕೆ ಉಪದೇಶ ಹೇಳುತ್ತಾರೆ.

ವಿಜಾಪುರದಿಂದ ಬಂದ ಮರುದಿನ ಬೆಳಿಗ್ಗೆ ಮೊಳೆಯ ಮೇಲಿನ ನೂಲುಗಳೆಲ್ಲ ಮಾಯವಾಗಿದ್ದವು. ಆಮೇಲೆ ಸಾವಕ್ಕ ಹಿಂದಿನ ಕೋಣೆಯ ಕೈಮಗ್ಗಕ್ಕೆ ಸಣ್ಣ ನೂಲಿನ ಹಾಸು ಹೂಡಿ, ನನಗೆಂದು ತೆಳ್ಳಗಿನ ಬಟ್ಟೆ ನೇಯ್ದಳು. ನೂಲಿಗೆ ಹಾಕಿದ ಗಂಜಿ ಪೂರ್ತಿ ಹೋಗುವ ತನಕ ಮತ್ತೆ ಮತ್ತೆ ಒಗೆದು, ಕೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿ, ಒಳಲಂಗ ಹೊಲಿಸಿಕೊಟ್ಟಳು. ಅದೊಂದೇ ನನ್ನ ಮೈ ಒಪ್ಪಿದ ಬಟ್ಟೆ. ಪ್ರತಿ ವರ್ಷ ಹೊಸದು ನೇಯ್ದಳು. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಆ ಮೆತ್ತನೆಯ ಲಂಗ ಉಟ್ಟಾಗಲೆಲ್ಲ ನನಗೆ ಉಪಶಮನವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಬಟ್ಟೆ ಕೊಟ್ಟು ಬಾಯಿ ಮುಚ್ಚಿಸುತ್ತಾಳೆ ಎಂದುಕೊಳ್ಳುತ್ತಿದ್ದೆ.

ವರ್ಷಗಳು ಹೋದವು. ಭಾವ ತೀರಿಕೊಂಡರು, ನಾನು ನಿವೃತ್ತಳಾದೆ. ಸಾವಕ್ಕನ ಕೈಬೆರಳ ಸಂದುಗಳು ಬಾತು ಆಕೆಗೆ ಸ್ಟಿರಾಯ್ಡ್ ಗುಳಿಗೆ ಶುರುವಾಯಿತು. ಆಕೆಯನ್ನು ಜಮಖಂಡಿಯಲ್ಲಿ ನೋಡುತ್ತಿದ್ದ ಡಾಕ್ಟರು ಒಬ್ಬ ಹುಡುಗಿ, ನನ್ನ ಪಕ್ಕೆಯ ಕಥೆ ಕೇಳಿದವಳು. ಒಂದು ದಿನ ಆಕೆಯೇ ಹೇಳಿದಳು: ಇದಕ್ಕೆ ಈಗ ಲಸಿಕೆ ಬಂದಿದೆ, ದೊಡ್ಡವರಿಗೆ ಹಾಕಿಸಬಹುದು, ಒಮ್ಮೆ ಬಂದು ಹೋದವರಿಗೂ ಹಾಕಬಹುದು. ನಾನು ಖುರ್ಚಿಯಿಂದ ಎದ್ದು ನಿಂತೆ. ಸಣ್ಣವರಿದ್ದಾಗ ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿದ್ದರೆ ಆ ರೋಗಾಣು ನರದಲ್ಲೇ ಅಡಗಿರುತ್ತದಂತೆ, ವಯಸ್ಸಾಗಿ ಮೈ ಸೋತಾಗ ಏಳುತ್ತದಂತೆ. ಸಾವಕ್ಕನಿಗೆ ಅಮ್ಮ ಎದ್ದದ್ದು ಮುಖದ ಕಲೆಗಳಲ್ಲಿ ಇನ್ನೂ ಕಾಣುತ್ತದೆ. ಆ ಗುಳಿಗೆಯಿಂದ ಮೈಯ ತಡೆಯುವ ಶಕ್ತಿಯೂ ಕಡಿಮೆ. ನನಗೆ ಬಂದದ್ದು ಆಕೆಗೆ ಬರುವುದನ್ನು ನಾನು ನೋಡಿಕೊಂಡು ಕೂರುವವಳಲ್ಲ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ.

ಮನೆಯಲ್ಲಿ ಯಾವ ಸೂಜಿ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಶಂಕರನಿಗೆ ಯಾರೋ ಫೋನಿನಲ್ಲಿ ಕಳಿಸಿದ್ದರು, ಹೊರದೇಶದಲ್ಲಿ ಒಂದೇ ಸೂಜಿಯಲ್ಲಿ ಮುಗಿಯುವ ಲಸಿಕೆ ಇತ್ತಂತೆ. "ಒಂದರಾಗ ಮುಗಿಯೂದಿದ್ರ ಎರಡ ಯಾಕ?" ಎಂದು ಅವರ ವಾದ. ನಾನು ಕಾಗದ ಪೆನ್ನು ಹಿಡಿದು ಮತ್ತೆ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಆ ಒಂದು ಸೂಜಿಯದರಲ್ಲಿ ಜೀವಂತ ರೋಗಾಣುವನ್ನೇ ಸೋಲಿಸಿ ಹಾಕಿರುತ್ತಾರೆ, ಸಾವಕ್ಕ ನುಂಗುವ ಗುಳಿಗೆಗೆ ಅದು ಆಗುವುದಿಲ್ಲ. ಇನ್ನೊಂದರಲ್ಲಿ ಜೀವಂತ ರೋಗಾಣು ಇಲ್ಲ, ಎರಡು ಸೂಜಿ, ನಡುವೆ ಕೆಲವು ತಿಂಗಳ ಅಂತರ. ತೋಳು ನೋಯುತ್ತದೆ, ಒಂದೆರಡು ದಿನ ಜ್ವರ ಬರಬಹುದು. ಹಾಕಿಸಿದರೆ ಬರುವುದೇ ಇಲ್ಲ ಎಂದು ಬರೆದುಕೊಡುವುದಿಲ್ಲ, ಆದರೆ ಬರುವ ಸಂಭವ ಬಹಳ ಕಡಿಮೆ ಎಂದಳು ಆ ಡಾಕ್ಟರ್ ಹುಡುಗಿ. ದುಬಾರಿ ಎಂಬುದನ್ನೂ ಮುಚ್ಚಿಡಲಿಲ್ಲ. ಆಕೆ ಹೀಗೆ ನಮ್ಮ ಹೊಟ್ಟೆಗೆ ಹೋಗುವ ಗುಳಿಗೆಗಳನ್ನೆಲ್ಲ ನೋಡಿ, ಇದು ನಿಮಗಲ್ಲ, ಇದು ನಿಮಗೆ ಎಂದು ಹೇಳುವಾಗ ನನಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಆ ದೊಡ್ಡ ಬೋರ್ಡಿನ ಮನುಷ್ಯ ನೆನಪಾಗಿ ಮೈಯೆಲ್ಲ ಉರಿಯಿತು.

ಮೊದಲು ನಾನೇ ಎರಡೂ ಹಾಕಿಸಿಕೊಂಡೆ. ಸಾವಕ್ಕ ಒಪ್ಪಲಿಲ್ಲ. ವಾರಕ್ಕೊಂದು ನೆಪ.

"ನನಗ ವಯಸ್ಸಾತು. ಇನ್ನೆಷ್ಟ ದಿನ?"

"ತಿಮ್ಮಾಪುರದ ಬ್ಯಾಟಿ ನಾಯಿಗೋಳಿಗಿ ಹಾಕ್ತಾರ ಹಂಗ ಸೂಜಿ. ಅವು ಮೊಲದ ಹಿಂದ ಓಡ್ತಾವ. ನಾ ಏನ ಓಡೂದೈತೇನ?"

"ಒಂದಾಗಿದ್ರ ನೋಡ್ತಿದ್ದೆ. ಎರಡ ಸಲ ಯಾರ ಹೊಕ್ಕಾರ?"

ತಮಾಷೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ನಾನು ನಗುತ್ತಿರಲಿಲ್ಲ. ಈಕೆಗೆ ಇನ್ನೂ ಕಾವಿಯ ಮೇಲೇ ನಂಬಿಕೆ, ನನ್ನ ಹನ್ನೊಂದು ವರ್ಷ ನೋಡಿಯೂ ಬುದ್ಧಿ ಬಂದಿಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ರೊಟ್ಟಿಯ ತಾಟನ್ನು ಅರ್ಧಕ್ಕೆ ಸರಿಸಿ ಎದ್ದೂ ಹೋದೆ. ಎರಡು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಕೊನೆಗೆ ಬೆರಳಿನ ತಪಾಸಣೆಗೆಂದು ಜಮಖಂಡಿಗೆ ಹೋದ ದಿನ ಅದಕ್ಕೊಂದು ಮುಕ್ತಾಯ ಬಂತು. ನಾನು ಮೊದಲೇ ಫೋನ್ ಮಾಡಿ ಲಸಿಕೆ ತರಿಸಿ ಇಡಿಸಿದ್ದೆ, ಆಕೆಗೆ ಹೇಳಿರಲಿಲ್ಲ. ಹೊರಗಿನ ಬೆಂಚಿನಲ್ಲಿ ನಮ್ಮೆದುರಿಗೆ ಒಬ್ಬ ಮುದುಕ ಕೂತಿದ್ದ. ಹಣೆಯಿಂದ ರೆಪ್ಪೆಯವರೆಗೆ ಗುಳ್ಳೆ ಒಡೆದು, ಒಂದು ಕಣ್ಣು ಬಾತು ಮುಚ್ಚಿತ್ತು. ಸೊಸೆ ಒರೆಸಲು ಕೈ ತಂದರೆ ಆತ ಮಗುವಿನ ಹಾಗೆ ಮುಖ ಹಿಂದೆ ಎಳೆದುಕೊಳ್ಳುತ್ತಿದ್ದ. ಸಾವಕ್ಕ ಅವನನ್ನೇ ನೋಡುತ್ತಿದ್ದಳು.

"ನೋಡಿದಿ? ನಿನಗೂ ಹಿಂಗ ಆಗಬೇಕೇನ?" ಎಂದೆ. ಸಣ್ಣ ದನಿಯಲ್ಲಿ ಕೇಳಬೇಕಿತ್ತು, ಆಗಲಿಲ್ಲ.

"ಆಗಲಿ," ಎಂದಳು.

"ಆಗಲಿ ಅಂದ್ರ?"

ಆಕೆ ಬಾತ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ನನಗೂ ಬರ್ಲಿ ಅಂತನ ಅದೇನಿ ನಾ. ಅವತ್ತ ವಿಜಾಪುರದಿಂದ ಬಂದ ಶಂಕ್ರ ಹೇಳಿದ, ಮೂರ ದಿನದಾಗ ಬಂದಿದ್ರ ಹಿಂಗ ಆಗ್ತಿದ್ದಿಲ್ಲ ಅಂತ. ಆ ಮೂರ ದಿನ ನಿನ್ನ ಮನ್ಯಾಗ ಹಿಡದ ಕುಂಡ್ರಿಸಿದಾಕಿ ಯಾರು? ನಾನ. ನಿನಗ ಇಷ್ಟ ತ್ರಾಸ ಕೊಟ್ಟು ನಾ ಮಾತ್ರ ಸೂಜಿ ಹಾಕಿಸ್ಕೊಂಡ ಆರಾಮ ಇರಬೇಕೇನ?"

ಇದೊಂದು ಮಾತಿಗಾಗಿ ಹನ್ನೊಂದು ವರ್ಷ ಕಾದವಳು ನಾನು. ಬಂದರೆ ಎದೆ ಹಗುರಾಗುತ್ತದೆ, ಆಕೆಯನ್ನು ತಬ್ಬಿಕೊಂಡು ಅತ್ತೇನು ಎಂದೆಲ್ಲ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಹಿಂದೆಂದೂ ಬಂದಿರದಷ್ಟು ಸಿಟ್ಟು ಬಂತು. ನನ್ನ ಪಕ್ಕೆಯ ಉರಿಗೆ ಸರಿತೂಗಿಸಲು ಈಕೆ ತನ್ನ ಮೈಯನ್ನು ಒತ್ತೆ ಇಟ್ಟು ಕೂತಿದ್ದಾಳೆ, ನನ್ನನ್ನು ಒಂದು ಮಾತೂ ಕೇಳದೆ.

"ನಿನಗ ಬಂದ್ರ ನಂದ ಉರಿ ಇಳಿತೈತೇನ?" ಎಂದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ. "ನಿನಗ ಬಂದ್ರ ರಾತ್ರಿ ಹಗಲಿ ನಿನ್ನ ಕೂಡ ಕುಂಡ್ರಾಕಿ ಯಾರು? ನಾನ. ಹನ್ನೊಂದ ವರ್ಷ ನಂದ ತಡಕೊಂಡೇನಿ, ಇನ್ನ ನಿಂದೂ ತಡಕೋ ಅಂತೀಯೇನ? ಇದ ನ್ಯಾಯ ಏನ ನಿಂದು?"

ಎದುರಿನ ಮುದುಕನ ಸರದಿ ಬಂದು, ಸೊಸೆ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು.

"ನಿನ್ನ ಸಿಟ್ಟ ಹೋತೇನ?" ಎಂದು ಕೇಳಿದಳು ಸಾವಕ್ಕ ಆಮೇಲೆ.

"ಇಲ್ಲ."

"ಹೋಗೂದಿಲ್ಲೇನ?"

"ಗೊತ್ತಿಲ್ಲ ಅಕ್ಕಾ. ಮೊದಲ ಸೂಜಿ ಹಾಕಿಸ್ಕೋ. ಆಮ್ಯಾಲ ನೋಡೂಣು."

ಹೆಸರು ಕೂಗಿದಾಗ ಆಕೆ ಎದ್ದಳು. ನಾನೂ ಹಿಂದೆ ಹೋದೆ. ನರ್ಸು ಯಾವ ತೋಳಿಗೆ ಹಾಕಲಿ ಎಂದಳು. "ಎಡಕ್ಕ ಹಾಕ ತಂಗಿ, ಬಲಗೈಲೆ ರೊಟ್ಟಿ ಬಡೀಬೇಕು," ಎಂದು ಸಾವಕ್ಕ ಕುಪ್ಪಸದ ತೋಳು ಮೇಲೇರಿಸಿದಳು. ಸೂಜಿ ಹೋಗುವಾಗ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ.

ನರ್ಸು ಕಾರ್ಡಿನ ಮೇಲೆ ಎರಡನೆಯ ಸೂಜಿಯ ದಿನ ಬರೆದಳು. ಎಷ್ಟೋ ಮಂದಿ ಒಂದು ಹಾಕಿಸಿಕೊಂಡು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ನಿಮ್ಮನ್ನು ಯಾರು ಕರೆದುಕೊಂಡು ಬರುತ್ತಾರೆ ಎಂದು ಕೇಳಿದಳು.

"ಇಕಿನ," ಎಂದಳು ಸಾವಕ್ಕ. "ಸಿಟ್ಟಿನ್ನೂ ಹೋಗಿಲ್ಲ ಇಕಿದು. ಬಿಡಂಗಿಲ್ಲ ನನ್ನ."

ಖರೆ ಹೇಳಿದಳು. ನಾನು ಬಿಡಲಿಲ್ಲ.